ಬದುಕಿದ್ದವನ ಎಡೆ

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮನ್ನೆಲ್ಲ ತರಬೇತಿಗೆಂದು ಕೂಡಿಸಿ ಬಾಲಾಪರಾಧಿಗಳ ಲಕ್ಷಣಗಳನ್ನು ಬರೆಸಿದ್ದರು. ಒಡೆದ ಮನೆ, ಕುಡುಕ ತಂದೆ, ಅರ್ಧಕ್ಕೆ ಬಿಟ್ಟ ಶಾಲೆ, ಕೆಟ್ಟ ಸಹವಾಸ, ಸುಳ್ಳು ಹೇಳುವ ಚಟ. ದನದ ಸಂತೆಯಲ್ಲಿ ಹಲ್ಲು ಹಿಡಿದು ನೋಡಿ ಎತ್ತಿನ ಗುಣ ಹೇಳುವವರ ಹಾಗೆ ಆ ಸಾಹೇಬರು ಹೇಳುತ್ತಾ ಹೋದರು, ನಾನು ಬರೆದುಕೊಳ್ಳುತ್ತಾ ಹೋದೆ. ಬರೆದುಕೊಂಡದ್ದೆಲ್ಲ ನಿಜವೆಂದು ನಂಬುವ ವಯಸ್ಸು ಅದು.

ತೊಂಬತ್ತರ ದಶಕದ ಮಾತು. ಜಿಲ್ಲಾ ಊರಿನ ಅಂಚಿನಲ್ಲಿ, ಎತ್ತರದ ಕಾಂಪೌಂಡಿನ ಒಳಗೆ ನಮ್ಮ ಹೋಮ್ ಇತ್ತು. ಸರ್ಕಾರಿ ಹೆಸರು ಉದ್ದಕ್ಕೆ ಏನೋ ಇತ್ತು, ಜನ ಮಾತ್ರ ಹುಡುಗರ ಜೇಲು ಅನ್ನುತ್ತಿದ್ದರು. ತಪ್ಪು ಮಾಡಿ ಸಿಕ್ಕ ಹುಡುಗರನ್ನು, ನ್ಯಾಯಾಲಯ ಒಂದು ತೀರ್ಮಾನಕ್ಕೆ ಬರುವವರೆಗೆ, ಅಲ್ಲಿ ಇಡುತ್ತಿದ್ದರು. ಅವರ ಊರಿಗೆ ಹೋಗಿ, ಮನೆಯವರನ್ನು ಕಂಡು, ಈ ಹುಡುಗನನ್ನು ತಿರುಗಿ ಮನೆಗೆ ಕಳಿಸಬಹುದೋ ಇಲ್ಲವೋ ಎಂದು ನ್ಯಾಯಾಲಯಕ್ಕೆ ತಿಳಿಸುವುದು ನನ್ನ ಕೆಲಸ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ಅಲೆದದ್ದೇ ಅಲೆದದ್ದು. ಆ ಕೆಂಪು ಬಸ್ಸುಗಳ ಸೀಟಿನ ಸ್ಪ್ರಿಂಗುಗಳಿಗೂ ನನ್ನ ಬೆನ್ನಿಗೂ ಒಳ್ಳೆಯ ಗುರುತಿತ್ತು.

ಸಾಹೇಬರ ಲಕ್ಷಣಗಳು ಬಹಳ ದಿನ ನಿಲ್ಲಲಿಲ್ಲ. ಹುಡುಗರನ್ನು ದಿನಾ ಕಾಣುವವರಿಗೆ ಕಾಣುವುದೇ ಬೇರೆ. ಇಂಡಿ ಕಡೆಯ ಒಬ್ಬ ಹೊಲದ ಮೋಟರುಗಳ ತಾಮ್ರದ ತಂತಿ ಕದ್ದು ಬಂದವನು. ಊಟಕ್ಕೆ ಕೂತರೆ ಎಡಗೈಯನ್ನು ತಟ್ಟೆಯ ಸುತ್ತ ಬೇಲಿ ಹಾಕಿ ಉಣ್ಣುತ್ತಿದ್ದ. ಮುದ್ದೇಬಿಹಾಳದ ಕಡೆಯವನು, ದುಡಿಯಲಿಕ್ಕೆ ಇಟ್ಟುಕೊಂಡ ಯಜಮಾನನ ಬಣವೆಗೆ ಬೆಂಕಿ ಇಟ್ಟವನು, ಏನು ಕೇಳಿದರೂ ಮೊದಲು ನಗುತ್ತಿದ್ದ. ಅದನ್ನು ಸೊಕ್ಕೆಂದು ತಿಳಿದು ಹಿಡಿದವರು ನಾಲ್ಕು ಹೆಚ್ಚಿಗೆ ಬಿಟ್ಟಿದ್ದರಂತೆ. ಅದು ಸೊಕ್ಕಲ್ಲ, ಹೆದರಿಕೆ. ಹೆದರಿದ ಮಕ್ಕಳು ಅಳುತ್ತಾರೆಂದು ಹೇಳಿದವರು ಯಾರೋ! ಯಾರೂ ತಾವು ಮಾಡಿದ್ದನ್ನು ಮಾಡಿದೆ ಅನ್ನುತ್ತಿರಲಿಲ್ಲ, "ಆತ್ರಿ" ಅನ್ನುತ್ತಿದ್ದರು, ಮಳೆ ಆಯಿತು, ಸುಗ್ಗಿ ಆಯಿತು ಎಂದ ಹಾಗೆ. ಭಾನುವಾರ ಮನೆಯವರು ನೋಡಲು ಬರುವ ದಿನ. ಯಾರೂ ಬಾರದ ಹುಡುಗರು ಅವತ್ತು ಬೆಳಗ್ಗೆಯೇ ಬಟ್ಟೆ ಒಗೆಯಲು ಕೂಡುತ್ತಿದ್ದರು. ಗೇಟಿನ ಕಡೆ ನೋಡದೆ ಇರಲಿಕ್ಕೆ ಅದೊಂದು ನೆಪ. ಒಗೆದದ್ದನ್ನೇ ಮತ್ತೆ ನೆನೆಸಿ ಒಗೆಯುತ್ತಿದ್ದರು.

ಇವನೂ ಹಾಗೆ ಒಗೆಯುತ್ತಿದ್ದ. ಮನಗೂಳಿಯಿಂದ ಒಳಗೆ ಹೋಗುವ ಒಂದು ಹಳ್ಳಿಯ ಹುಡುಗ, ಹದಿನೈದು ತುಂಬಿತ್ತೋ ಇಲ್ಲವೋ. ಸಾಹೇಬರ ಲಕ್ಷಣಗಳಲ್ಲಿ ಒಂದೂ ಅವನಲ್ಲಿ ಇರಲಿಲ್ಲ. ಹೊಲಮನೆ ಉಳ್ಳವರ ಮಗ, ಒಂಬತ್ತನೆಯ ಇಯತ್ತೆಯಲ್ಲಿ ಓದುತ್ತಿದ್ದ, ಅಪ್ಪ ಎಲೆ ಅಡಿಕೆಯನ್ನೂ ಮುಟ್ಟದವನು. ಅಪ್ಪ ಮತ್ತು ದೊಡ್ಡಪ್ಪ ಬೇರೆಯಾಗಿದ್ದರೂ ಅಂಗಳ ಒಂದೇ, ಹೊಲದ ಬಾವಿಯೂ ಒಂದೇ. ನೀರು ಹಾಯಿಸುವುದು ಪಾಳಿಯ ಮೇಲೆ. ಒಂದು ದಿನ ಕರೆಂಟು ಹೋಗಿ ತಡವಾಗಿ ಬಂತು. ಪಾಳಿ ನನ್ನದು ಎಂದು ದೊಡ್ಡಪ್ಪನ ಮಗ, ಇಲ್ಲ ನನ್ನದು ಎಂದು ಇವನು. ಇವನು ಕಾಲುವೆ ತಿರುವಿದ, ಅವನು ತಿರುಗಿ ಮುಚ್ಚಿದ. ಇವನ ಕೈಯಲ್ಲಿ ಸಲಿಕೆ ಇತ್ತು. ಕಾವಿನ ಕಡೆಯಿಂದ ಒಂದೇ ಏಟು, ಕಿವಿಯ ಮೇಲೆ ಬಿತ್ತು. ಆಮೇಲೆ ಅವನನ್ನು ತಾನೇ ಹೆಗಲ ಮೇಲೆ ಹಾಕಿಕೊಂಡು ರಸ್ತೆಯವರೆಗೆ ಓಡಿದ್ದ. ರಸ್ತೆ ಸೇರುವಷ್ಟರಲ್ಲಿ ಹೆಗಲ ಮೇಲಿನವನು ಮಾತು ನಿಲ್ಲಿಸಿದ್ದ.

"ದಾರ್‍ಯಾಗ ಏನಂದಾ?" ಎಂದು ಕೇಳಿದ್ದೆ.

"ಹಗೂರ ಓಡೋ, ಅಂದಾನ್ರಿ," ಅಂದ.

ನ್ಯಾಯಾಲಯಕ್ಕೆ ಅವನ ಮೇಲೆ ಕನಿಕರ ಇತ್ತು. ಮನೆಯವರು ಜವಾಬ್ದಾರಿ ಹೊತ್ತರೆ ಅವರ ಕೈಗೆ ಒಪ್ಪಿಸುವುದು, ಯಾರೂ ಮುಂದೆ ಬಾರದಿದ್ದರೆ ದೂರದ ಊರಿನ ದೊಡ್ಡ ಸಂಸ್ಥೆಗೆ ಕಳಿಸುವುದು. ಅಲ್ಲಿಗೆ ಹೋದ ಹುಡುಗರು ತಿರುಗಿ ಬರುವಾಗ ಹೇಗಾಗಿ ಬರುತ್ತಿದ್ದರೆಂದು ನಾನು ಕಂಡಿದ್ದೆ. ಆದ್ದರಿಂದ ಹೇಗಾದರೂ ಮಾಡಿ ಮನೆಯವರನ್ನು ಒಪ್ಪಿಸಿಯೇ ಬರಬೇಕೆಂದು ಒಂದು ಮುಂಜಾನೆ ಹೊರಟೆ. ಮನಗೂಳಿಯಲ್ಲಿ ಬಸ್ಸಿಳಿದು, ಟೆಂಪೊ ಹಿಡಿದು, ಮುಂದೆ ನಡೆದು ಆ ಊರು ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು.

ಒಳ್ಳೆಯ ಮಂದಿ. ಕೈಕಾಲಿಗೆ ನೀರು ಕೊಟ್ಟರು, ಕಂಬಳಿ ಹಾಸಿದರು. ಹುಡುಗನ ಅಪ್ಪ ಕಂಬಕ್ಕೆ ಒರಗಿ ನೆಲ ನೋಡುತ್ತಾ ನಿಂತ. ಮಾತಿಗೆ ಕೂತವನು ದೊಡ್ಡಪ್ಪ, ಮಗನನ್ನು ಕಳೆದುಕೊಂಡವನು.

"ಚಾ ತಗೋರಿ ಬಾಯಾರ. ಬಿಸಲಾಗ ಬಂದೀರಿ."

"ನಿಮ್ಮ ತಮ್ಮನ ಮಗನ ಸಲುವಾಗಿ ಬಂದೇನ್ರಿ," ಅಂದೆ.

"ಯಾವ ಮಗ್ರಿ? ಈ ಮನಿಯೊಳಗ ಇದ್ದವು ಎರಡು ಗಂಡು ಹುಡುಗ್ರು. ಎರಡೂ ತೀರಿಕೊಂಡ್ವು."

ದುಃಖದಲ್ಲಿ ಬಾಯಿಗೆ ಬಂದದ್ದು ಎಂದುಕೊಂಡೆ. "ಹಂಗನಬ್ಯಾಡ್ರಿ ಹಿರ್‍ಯಾರ. ಅಂವ ನಮ್ಮ ಹೋಮಿನ್ಯಾಗ ಅದಾನ. ಇವತ್ತ ಮುಂಜಾನೆ ಉಪ್ಪಿಟ್ಟು ತಿಂದು ನನ್ನ ಕಣ್ಣಮುಂದ ಅಂಗಳ ಕಸಾ ಹೊಡದಾನ."

"ಅಲ್ಲಿರಾಂವ ಬ್ಯಾರೆ ಯಾರೋ ಇರಬೇಕ್ರಿ. ನಮ್ಮ ಹುಡುಗನ ದಿನಾ, ತಿಥಿ ಎಲ್ಲಾ ಮಾಡಿ ಮುಗಿಸೀವಿ ನಾವು. ನೋಡ್ರಿ ಅಲ್ಲೆ," ಎಂದು ಗೋಡೆಯ ಕಡೆ ಕೈ ಮಾಡಿದ.

ಗೋಡೆಯ ಮೇಲೆ ಎರಡು ಫೋಟೋ ಇದ್ದವು. ಶಾಲೆಯ ಗುಂಪಿನ ಫೋಟೋದಿಂದ ಎರಡು ಮುಖ ತೆಗೆದು ದೊಡ್ಡದು ಮಾಡಿಸಿದ್ದರು. ಎರಡಕ್ಕೂ ಕುಂಕುಮ, ಎರಡಕ್ಕೂ ಹೂವಿನ ಹಾರ, ಎರಡರ ಮುಂದೆಯೂ ಊದಿನಕಡ್ಡಿಯ ಬೂದಿ. ಎಡಗಡೆ ಇದ್ದವನನ್ನು ನಾನು ಎಂದೂ ಕಂಡಿರಲಿಲ್ಲ. ಬಲಗಡೆ ಇದ್ದವನಿಗೆ ಮುಂಜಾನೆ ನಾನೇ, ಗುಡಿಸುವಾಗ ನೀರು ಚಿಮುಕಿಸೋ ಮಾರಾಯಾ, ಧೂಳು ಬರುತ್ತದೆ ಎಂದು ಗದರಿ ಬಂದಿದ್ದೆ. ನನಗೆ ಕೈಯಲ್ಲಿದ್ದ ಕಪ್ಪು ಕೆಳಗಿಡಲು ಜಾಗ ಕಾಣಲಿಲ್ಲ.

ದೊಡ್ಡಪ್ಪ ಸಿಟ್ಟಿನಿಂದೇನೂ ಮಾತಾಡಲಿಲ್ಲ. ಸಾಲಿ ಮಾಸ್ತರರು ಲೆಕ್ಕ ತಿಳಿಸಿ ಹೇಳುವಂತೆ ಹೇಳಿದ. "ನನ್ನ ಮಗಾ ಹ್ವಾದ. ತಮ್ಮನ ಮಗಾ ಇದ ಅಂಗಳದಾಗ ಅಡ್ಡಾಡಿದ್ರ ನನ್ನ ಕೈ ಸುಮ್ಮನಿರಂಗಿಲ್ರಿ. ಇವತ್ತಿಲ್ಲಾ ನಾಳೆ ಮತ್ತೊಂದು ಹೆಣಾ ಬೀಳತೈತಿ. ಇಬ್ರೂ ಹ್ವಾದ್ರು ಅಂದ್ರ ಸಮಾ ಆತು. ಒಂದ ಬಾವಿ ನೀರು ಕುಡಿಯೋ ಮಂದಿ ನಾವು. ಊರ ಹಿರ್‍ಯಾರು ಕೂಡಿ ಹಿಂಗ ಬಗೀಹರಿಸ್ಯಾರ. ಒಂದ ದಿನದಾಗ ಎರಡೂ ಎಡಿ ಇಟ್ಟು ಕೈಮುಗದೀವಿ."

ಎಡೆ ಎಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಸತ್ತವರು ಬದುಕಿದ್ದಾಗ ಆಸೆಪಟ್ಟು ತಿನ್ನುತ್ತಿದ್ದುದನ್ನೇ ಮಾಡಿ, ಪತ್ರಾವಳಿಯಲ್ಲಿ ಬಡಿಸಿ, ಹೆಸರು ಹಿಡಿದು ಕರೆದು ಇಡುತ್ತಾರೆ. ಅದು ಅವರಿಗೆ ಮುಟ್ಟಿದರೆ ಅವರ ಹಸಿವು ತೀರಿತು, ಈ ಮನೆಯ ಋಣ ಹರಿಯಿತು ಎಂದು ಲೆಕ್ಕ. ಬದುಕಿದ್ದವನಿಗೆ ಎಡೆ ಇಟ್ಟದ್ದನ್ನು ನಾನು ಕೇಳಿರಲಿಲ್ಲ. ಕೇಳಿದ ಮೇಲೆ ಮೈಯೆಲ್ಲ ಉರಿದುಹೋಯಿತು. ಕಾನೂನು ಹೇಳಿದೆ, ಪಾಪ ಪುಣ್ಯ ಹೇಳಿದೆ, ನನ್ನ ಬಾಯಿಯೂ ಏನು ಕಡಿಮೆಯದಲ್ಲ. ದೊಡ್ಡಪ್ಪ ಎಲ್ಲದಕ್ಕೂ "ಹೌದ್ರಿ ಬಾಯಾರ" ಎಂದ. ಅಪ್ಪ ನೆಲದಿಂದ ಕಣ್ಣು ಎತ್ತಲಿಲ್ಲ. ನಡುವೆ ಒಳಗಿನಿಂದ ದೊಡ್ಡವ್ವ ಬಂದಳು. ಸೆರಗಿನ ತುದಿಯಿಂದ ಎರಡೂ ಫೋಟೋಗಳ ಧೂಳು ಒರೆಸಿ ಒಳಗೆ ಹೋದಳು. ಗೋಡೆಗೆ ತಲೆ ಚಚ್ಚಿಕೊಂಡರೆ ತಲೆಗೇ ನೋವು ಎಂದು ನಾನೂ ಎದ್ದೆ.

ಊರ ಹೊರಗೆ ಜಾಲಿಗಿಡದ ಹತ್ತಿರ ಹಿಂದಿನಿಂದ ಓಡಿಬಂದ ಹೆಜ್ಜೆ ಕೇಳಿತು. ಹುಡುಗನ ಅವ್ವ. ನೀರಿಗೆ ಹೋಗುವ ನೆಪಕ್ಕೆ ಕೊಡ ಹಿಡಿದು ಬಂದಿದ್ದಳು. ಆಗಷ್ಟೇ ಅತ್ತ ಮುಖವಲ್ಲ, ಅಳು ಮುಗಿದು ಬಹಳ ದಿನ ಆದಂಥ ಮುಖ.

"ಉಣ್ತಾನೇನ್ರಿ ಅಂವಾ?" ಎಂದಳು.

"ಅಷ್ಟಕ್ಕಷ್ಟ. ಅರ್ಧಾ ಬಿಡ್ತಾನ."

ಆಕೆ ಸುತ್ತ ನೋಡಿ ಹತ್ತಿರ ಬಂದಳು. "ಬಾಯಾರ, ಅವನ ಎಡಿ ಅಡಗಿ ನಾನ ಮಾಡೀನ್ರಿ. ಹಡದಾಕಿ ಕೈಲಿಂದನ ಆಗ್ಲಿ ಅಂತ ಹಟಾ ಹಿಡದೆ. ಮಂದಿ ಏನ್ ತಿಳಕೊಂಡ್ರೋ ಏನೋ. ಅಂವ ಬದನಿಕಾಯಿ ಮುಟ್ಟಂಗಿಲ್ಲ, ಹಾಗಲಕಾಯಿ ಕಂಡ್ರ ಎದ್ದು ಹೋಗ್ತಾನ, ಹೆಸರಬ್ಯಾಳಿ ಪಾಯಸಾ ಅಂದ್ರ ವಾಂತಿ ಬರತೈತಿ. ಅವನ್ನ ಹುಡುಕಿ ಹುಡುಕಿ ಮಾಡಿ ಬಡಿಸೀನಿ. ಒಂದ್ ತುತ್ತೂ ಅವಂಗ ಮುಟ್ಟಬಾರದು. ಮುಟ್ಟಿದ್ರ ಅಂವ ಖರೇನ ಹೋದಂಗ ಆತಲ್ರಿ." ಕೊಡ ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಿಸಿದಳು. "ದೊಡ್ಡಾಕಿಗೆ ಗೊತ್ತಾಗೇತ್ರಿ. ಅಂವ ಹುಟ್ಟಿದಾಗ ನನಗ ಹಾಲ ಇದ್ದಿಲ್ಲ, ಆಕೀನ ತನ್ನ ಮಗನ ಜೋಡಿ ಇವಂಗೂ ಕುಡಿಸಿ ಬೆಳಸ್ಯಾಳ. ಅಂವಂಗ ಯಾವುದು ಸೇರತೈತಿ, ಯಾವುದು ಸೇರಂಗಿಲ್ಲ ಆಕಿಗೆ ಗೊತ್ತಿಲ್ಲೇನು? ಪತ್ರಾಳಿ ನೋಡಿದ್ಳು, ನನ್ನ ಮಾರಿ ನೋಡಿದ್ಳು, ಸುಮ್ಮನಾದ್ಳು."

ಬಸ್ಸಿನಲ್ಲಿ ಕೂತು ಆ ಮಾತನ್ನೇ ನೆನೆಯುತ್ತಾ ಬಂದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಎಂ.ಎ. ಓದಿದ ಹೆಂಗಸು ನಾನು, ಮರುದಿನ ಹೋಮಿನ ಅಂಗಳದಲ್ಲಿ ಅವನು ಎದುರಿಗೆ ಬಂದಾಗ ಮೊದಲು ನೋಡಿದ್ದು ಅವನ ಪಾದಗಳನ್ನು. ಮುಂದಕ್ಕೇ ಇದ್ದವು.

ಏನು ಹೇಳಲಿ, ಹೇಗೆ ಹೇಳಲಿ ಎಂದು ನಾನು ಮಾತು ಹುಡುಕುತ್ತಿದ್ದರೆ ಅವನೇ ಕೇಳಿದ. "ನಂದೂ ದಿನಾ ಮಾಡ್ಯಾರಲ್ರಿ ಅಕ್ಕಾರ?"

"ಯಾರು ಹೇಳಿದ್ರು ನಿನಗ?"

"ಯಾರಿಲ್ರಿ. ನಮ್ಮ ದೊಡ್ಡಪ್ಪ ಹಂಗ ಬಿಡಂಗಿಲ್ಲ ಅಂತ ಗೊತ್ತಿತ್ತು." ಕಸಬರಿಗೆಯ ಕಡ್ಡಿಗಳನ್ನು ನೆಲಕ್ಕೆ ಕುಟ್ಟಿ ಸಮ ಮಾಡಿದ. "ಎಡಿಗೆ ಏನ್ ಮಾಡಿದ್ರಂತ್ರಿ?"

ಹೇಳಿದೆ. ಬದನೆಕಾಯಿ, ಹಾಗಲಕಾಯಿ, ಹೆಸರುಬೇಳೆ ಪಾಯಸ. ಅವನು ತಿರುಗಿ ಕೇಳಿದ, ನಾನು ತಿರುಗಿ ಹೇಳಿದೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಅವನ ಮುಖದಲ್ಲಿ ನಗು ಕಾಣಿಸಿಕೊಂಡು, ಹಾಗೇ ಬಾಯಿ ಸೊಟ್ಟಗಾಗಿ, ಅಲ್ಲೇ ಕುಕ್ಕರಿಸಿ ಕೂತು ಅತ್ತ. ಬಂದ ದಿನದಿಂದ ಅವನು ಅತ್ತದ್ದನ್ನು ನೋಡಿದವರಿರಲಿಲ್ಲ. "ಅವ್ವ ಮಾಡ್ಯಾಳ್ರಿ ಅದು, ಅವ್ವ ಬೇಕಂತನ ಮಾಡ್ಯಾಳ," ಎಂದು ಅಳುತ್ತಲೇ ಹೇಳಿದ. ನನ್ನ ಕಣ್ಣೂ ತುಂಬಿದವು, ಯಾಕೆ ಮುಚ್ಚಿಡಲಿ. ಅವತ್ತಿನಿಂದ ತಟ್ಟೆಯಲ್ಲಿ ಏನೂ ಬಿಡುತ್ತಿರಲಿಲ್ಲ. ಎರಡನೆಯ ಸಲ ಅನ್ನ ಕೇಳುತ್ತಾನೆಂದು ಅಡುಗೆಯವಳು ಗೊಣಗಿದ್ದು ನನಗೆ ಇಂಪಾಗಿ ಕೇಳಿತು.

ನ್ಯಾಯಾಲಯದ ದಿನ ಅವನ ಕಡೆಯವರು ಯಾರೂ ಬರುವುದಿಲ್ಲ ಎಂದೇ ನಾನು ತಿಳಿದಿದ್ದೆ. ಆದರೆ ಅವ್ವ ಬಂದಳು. ತವರಿಗೆ ಹೋಗಿಬರುತ್ತೇನೆಂದು ಹೇಳಿ ಮನೆ ಬಿಟ್ಟು, ಝಳಕಿಯಿಂದ ತನ್ನ ಅಣ್ಣನನ್ನು ಹೊರಡಿಸಿಕೊಂಡು ಬಂದಿದ್ದಳು. ಅಣ್ಣನಿಗೆ ಹೆದ್ದಾರಿಯ ಮೇಲೆ ಟಾಯರು ಪಂಚರು ತೆಗೆಯುವ ಅಂಗಡಿ. ಹುಡುಗನ ಜವಾಬ್ದಾರಿ ತನ್ನದು ಎಂದು ಅವನು ಬರೆದುಕೊಟ್ಟ. ಅವ್ವ ಮಗನ ತಲೆ, ಭುಜ, ಕೈ ಎಲ್ಲ ಮುಟ್ಟಿ ನೋಡಿದಳು, ಕಾಳು ಕೊಳ್ಳುವಾಗ ಹಿಡಿಯಲ್ಲಿ ಹಿಡಿದು ನೋಡುತ್ತಾರಲ್ಲ ಹಾಗೆ. ಆಕೆಗೆ ತಿರುಗಿ ಆ ಮನೆಗೇ ಹೋಗಬೇಕು, ಅಲ್ಲಿ ಒಬ್ಬ ಸಣ್ಣ ಮಗಳಿದ್ದಳು. ಹೊರಡುವಾಗ ನನ್ನ ಕಿವಿಯ ಹತ್ತಿರ ಬಂದು, "ವರ್ಷಾ ವರ್ಷಾ ಎಡಿ ಇಡೂದು ಇರತೈತ್ರಿ. ನಾ ಇರೂತನಾ ನಾನ ಮಾಡ್ತೇನಿ. ಕಾಳಜಿ ಮಾಡಬ್ಯಾಡ್ರಿ," ಎಂದಳು. ಆಗ ನಾನು ಗೆದ್ದೆವೆಂದು ತಿಳಿದೆ.

ನನಗೆ ಬೇರೆ ಜಿಲ್ಲೆಗೆ ವರ್ಗವಾಯಿತು. ಎಷ್ಟೋ ಹುಡುಗರು ಬಂದರು, ಹೋದರು, ಮುಖಗಳು ಒಂದರ ಮೇಲೊಂದು ಬಿದ್ದು ಕಲಸಿಹೋದವು. ಇವನದು ಮಾತ್ರ ಕಲಸಲಿಲ್ಲ, ಮತ್ತು ತೊಂದರೆ ಏನೆಂದರೆ, ನೆನಪಾದಾಗಲೆಲ್ಲ ಹಾರ ಹಾಕಿದ ಮುಖವೇ ನೆನಪಾಗುತ್ತಿತ್ತು. ಯಾರದೋ ಮನೆಗೆ ಊಟಕ್ಕೆ ಹೋಗಿ ಗೋಡೆಯ ಮೇಲೆ ತೀರಿಕೊಂಡವರ ಫೋಟೋ ಕಂಡರೆ, ಇವರು ಖಂಡಿತ ಸತ್ತಿದ್ದಾರೋ ಎಂಬ ಹಾಳು ಪ್ರಶ್ನೆ ತಲೆಗೆ ಬರುತ್ತಿತ್ತು. ಒಂದೆರಡು ಸಲ ಬಾಯಿಗೂ ಬಂದು, ಉಗುಳು ನುಂಗಿದ್ದೇನೆ.

ಎರಡು ಸಾವಿರ ಇಸವಿ ದಾಟಿ ಕೆಲವು ವರ್ಷಗಳ ಮೇಲೆ, ಸೊಲ್ಲಾಪುರಕ್ಕೆ ಒಂದು ಮದುವೆಗೆ ಹೊರಟಿದ್ದೆ. ನಮ್ಮ ಬಸ್ಸಿನ ಗಾಲಿ ಝಳಕಿಯ ಹತ್ತಿರವೇ ಕೂತಿತು. ಡ್ರೈವರು ಬಯ್ಯುತ್ತಾ ಪಂಚರಿನ ಅಂಗಡಿಗೆ ಉರುಳಿಸಿಕೊಂಡು ಹೋದ ಗಾಲಿಯ ಹಿಂದೆಯೇ ನಾನೂ ಹೋದೆ. ಮೀಸೆ ಬಂದ ಗಂಡಸೊಬ್ಬ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಿದ್ದವನು, ತಲೆ ಎತ್ತಿ, "ಅಕ್ಕಾರ," ಎಂದ.

ಮಾವನ ಮಗಳನ್ನೇ ಮಾಡಿಕೊಂಡಿದ್ದ. ಅಂಗಡಿಯ ಹಿಂದೆಯೇ ಮನೆ. ಹುಡುಗ ಚೆನ್ನಾಗಿದ್ದಾನೆಂದು ನನಗೆ ಎಷ್ಟು ಖುಷಿಯಾಯಿತೆಂದರೆ, ಅವನ ಕೆನ್ನೆ ಒಳಗೆ ಹೋದದ್ದು, ಅಂಗಿ ಮೈಮೇಲೆ ನೇತಾಡುತ್ತಿದ್ದದ್ದು ಕಣ್ಣಿಗೆ ಬೀಳಲು ಸ್ವಲ್ಪ ಹೊತ್ತು ಹಿಡಿಯಿತು. ಅವ್ವ ಹೇಗಿದ್ದಾಳೆ ಎಂದು ಕೇಳಿದೆ.

"ತೀರಿಕೊಂಡ್ಳ್ರಿ, ಹ್ವಾದ ಮಳಿಗಾಲದಾಗ." ಟ್ಯೂಬಿನ ತೂತಿನ ಸುತ್ತ ಉಜ್ಜುತ್ತಾ ಹೇಳಿದ. "ಊರಾಗ ನಾ ಹೋಗೂ ಹಂಗಿಲ್ಲಲ್ರಿ. ಹೊಲದ ಬದುವಿನ ಮ್ಯಾಲ ದೂರ ನಿಂತು ನೋಡಿದೆ. ನನ್ನ ಪಾಲಿನ ಮಣ್ಣ ಮಾವ ಹಾಕಿದ."

ನಾನು ಪಕ್ಕದಲ್ಲಿದ್ದ ಹಳೆಯ ಟಾಯರಿನ ಮೇಲೆ ಕೂತೆ. ಅವನೇ ಮುಂದುವರಿಸಿದ.

"ಈ ಸಲ ನನ್ನ ಎಡಿ ಅಡಗಿ ದೊಡ್ಡವ್ವ ಮಾಡ್ಯಾಳ್ರಿ. ತಂಗಿ ಬಂದು ಹೇಳಿದ್ಳು. ಮಾದಲಿ ಮಾಡಿದ್ಳಂತ. ಗೋದಿ ತಾನ ಬೀಸಿ, ಬೆಲ್ಲಾ ಹಾಕಿ, ಬೇಕಾದಷ್ಟು ತುಪ್ಪಾ ಹಾಕಿ. ಮ್ಯಾಲ ಕೆನಿ ಹಾಲು. ಸಣ್ಣಾಂವ ಇದ್ದಾಗ ನನಗ ಹೆಂಗ ಸೇರತಿತ್ತೋ ಹಂಗ. ಅವ್ವಂಗೂ ಅಷ್ಟು ಛಲೋ ಬರತಿದ್ದಿಲ್ರಿ ಮಾದಲಿ." ಕೈ ನಿಲ್ಲಿಸಿದ. "ಕರುಳು ಹರಕೊಂಡು ಮಾಡಿದ್ಳೋ, ಸಿಟ್ಟಿಲೆ ಮಾಡಿದ್ಳೋ, ತಿಳಿವಲ್ತು. ನನ್ನ ಹೆಸರು ತಗೊಂಡು ಮೂರ್ ಸಲ ಕರದು, ಉಣ್ಣ ಬಾ ಯಪ್ಪಾ ಅಂದಳಂತ. ಮಂದೀನೂ ಅತ್ತರಂತ."

"ಅದರಾಗೇನೈತಿ? ನಿನ್ನ ಮ್ಯಾಲಿನ ಜೀವಾ ಆಕೀದು. ಎದಿ ಹಾಲು ಕುಡಿಸಿದಾಕಿ," ಎಂದೆ. ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿತು. ತರಬೇತಿಯ ಸಾಹೇಬರು ಕೂಡ ಹೀಗೇ ಗಟ್ಟಿಯಾಗಿ ಮಾತಾಡುತ್ತಿದ್ದರು.

"ಹಂಗೂ ಇರಬೇಕ್ರಿ," ಎಂದು ಒಪ್ಪಿದ. ಹೋಮಿನಲ್ಲಿ ಕೂಡ ನನ್ನ ಮಾತಿಗೆ ಎದುರಾಡಿದವನಲ್ಲ.

ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಅವನ ಹೆಂಡತಿ ಬಾಗಿಲಿಗೆ ಬಂದು ನನಗೆ ನಮಸ್ಕಾರ ಮಾಡಿ, ಊಟಕ್ಕೆ ಏಳಬೇಕೆಂದು ಒತ್ತಾಯ ಮಾಡಿದಳು. ಆಮೇಲೆ ಗಂಡನ ಕಡೆ ತಿರುಗಿ, "ನೀವೂ ಬರ್‍ರಿ. ಬಿಸಿ ರೊಟ್ಟಿ ಅದಾವ," ಎಂದಳು. ಆ ಕರೆಯುವ ದನಿಯಲ್ಲಿ ಒಂದು ಬೇಡಿಕೆ ಇತ್ತು. ದಿನಾ ಕರೆದು ದಿನಾ ಸೋತವರ ದನಿ ಅದು.

ಅವನು ಟ್ಯೂಬನ್ನು ಮತ್ತೆ ನೀರಿನಲ್ಲಿ ಮುಳುಗಿಸಿದ. ಗುಳ್ಳೆ ಬರುವುದು ನಿಂತಿತ್ತು. ಆದರೂ ನೋಡುತ್ತಲೇ ಇದ್ದ.

"ನಂದು ಆಗೈತಿ," ಎಂದ ಅವಳಿಗೆ. "ನೀ ಉಣ್ಣು."